ಟೆಕ್ಸಸ್‌ನಲ್ಲೊಂದು ಆಯುಧಪೂಜೆ

ಕತ್ರಿಗುಪ್ಪೆ

ಅಮೆರಿಕ ನೋಡಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಅದರಲ್ಲೂ ಬ್ಲೌಸ್ ಹೊಲಿಯುವವಳು ನವರಾತ್ರಿಯ ಹೊತ್ತಿಗೆ ಊರು ಬಿಡುತ್ತಾಳೆಂದರೆ ಅವಳಿಗೆ ತಲೆ ಕೆಟ್ಟಿದೆ ಎಂದೇ ಅರ್ಥ. ಮನೆಯ ಕೆಳಗೇ ನನ್ನ ಅಂಗಡಿ. ದಸರಾ ಬಂತೆಂದರೆ ಊಟಕ್ಕೆ ಕೂರಲೂ ಪುರುಸೊತ್ತಿಲ್ಲ. ಆದರೂ ಹೊರಟೆ. ತಂಗಿ ಮಂಜುಳಾ ಫೋನಿನಲ್ಲಿ ಹೇಳಿದ ಸಂಗತಿ ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ.

ಮಂಜುಳಾ ಟೆಕ್ಸಸ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ. ಅವಳ ಗಂಡ ರಮೇಶ ಹೊರಗಿನವನೇನಲ್ಲ, ನಮ್ಮ ಸೋದರತ್ತೆಯ ಮಗ. ನಮ್ಮ ಮನೆಯಲ್ಲೇ ಉಂಡು ಆಡಿ ಬೆಳೆದವನು. ಅಲ್ಲಿ ಪೆಟ್ರೋಲ್ ಬಂಕಿನ ಪಕ್ಕ ಒಂದು ಅಂಗಡಿ ನಡೆಸುತ್ತಾನೆ. ಹೋದ ವರ್ಷ ಮುಸುಕು ಹಾಕಿದ ಇಬ್ಬರು ನುಗ್ಗಿ, ಅವನ ಕಿವಿಗೆ ಪಿಸ್ತೂಲು ಒತ್ತಿ, ಗಲ್ಲಾ ದೋಚಿಕೊಂಡು ಹೋದರು. ಅದಾದ ಕೆಲವೇ ದಿನಕ್ಕೆ ರಮೇಶ ತಾನೂ ಒಂದು ಪಿಸ್ತೂಲು ಕೊಂಡ. ಅಲ್ಲಿಗೆ ಸರಿ ಎನ್ನೋಣ. ಆಮೇಲೊಂದು ದಿನ ಆಸ್ಪತ್ರೆಯಲ್ಲಿ ಕೆಲಸ ಬೇಗ ಮುಗಿಯಿತೆಂದು ಮಂಜುಳಾ ಬೆಳಗಾಗುವ ಮುಂಚೆಯೇ ಹಿತ್ತಿಲ ಬಾಗಿಲಿಂದ ಮನೆಯೊಳಗೆ ಬಂದಳು. ಅಡುಗೆಮನೆಯಲ್ಲಿ ಗಂಡ ಅವಳ ಎದೆಗೆ ಪಿಸ್ತೂಲು ಗುರಿ ಹಿಡಿದು ನಿಂತಿದ್ದ.

“ಅವತ್ತಿಂದ ಕಾರಲ್ಲೇ ಕೂತ್ಕೊಂಡು ಫೋನ್ ಮಾಡ್ತೀನಿ ಕಣಕ್ಕ, ‘ಬಂದಿದೀನಿ, ಒಳಗ್ ಬರ್ಲಾ’ ಅಂತ. ನಮ್ಮನೆಗೆ ನಾನ್ ಹೋಗಕ್ಕೆ” ಎಂದಳು. “ಇವ್ರು ಹೇಳ್ತಾರೆ, ಅವತ್ತು ಅದು ಖಾಲಿ ಇತ್ತು, ಗುಂಡು ತುಂಬೋ ಮ್ಯಾಗಜೀನ್ ತೆಗೆದಿಟ್ಟಿದ್ದೆ, ಸುಮ್ನೆ ಕೈಲಿ ಹಿಡ್ಕೊಂಡಿದ್ದೆ ಅಂತ. ಇರ್ಬೋದು. ಆದ್ರೂ ನಂಗಾಗ್ತಿಲ್ಲ. ನೀನ್ ಬಂದು ಹೇಳಿದ್ರೆ ಕೇಳ್ತಾರೆ. ಆ ಸುಡುಗಾಡು ಪಿಸ್ತೂಲು ಮನೆಯಿಂದ ಹೋಗ್ಬೇಕು.”

ಮಂಜುಳಾ ಅಳುವ ಪೈಕಿಯಲ್ಲ. ಅವತ್ತು ಅತ್ತಳು. ನಾನು ಮಾರನೆಯ ದಿನವೇ ವೀಸಾ ಮಾಡಿಸಿಕೊಡುವವನ ಬಾಗಿಲಲ್ಲಿ ನಿಂತಿದ್ದೆ.

ವಿಮಾನ ನಿಲ್ದಾಣ

ನನ್ನ ಕೈಚೀಲದಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಯಾವಾಗಲೂ ಇರುತ್ತದೆ. ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು. ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

“ಮೇಡಂ, ಇದು ಬಿಡಲ್ಲ.”

“ಅಮ್ಮ, ಅದ್ರಲ್ಲಿ ಉಗುರೂ ಸರಿಯಾಗಿ ಕಟ್ ಆಗಲ್ಲಮ್ಮ.”

“ರೂಲ್ಸ್ ಮೇಡಂ.”

ಕತ್ತರಿ ಡಬ್ಬಕ್ಕೆ ಬಿತ್ತು. ವಿಮಾನದಲ್ಲಿ ಆ ಕೊರಗಲ್ಲೇ ಕೂತಿದ್ದೆ. ಕೂತಿದ್ದೆ ಎನ್ನುವುದೂ ಸುಳ್ಳು; ಓಡಾಡುವ ಆ ಸಣ್ಣ ಸಂದಿಯಲ್ಲಿ ಎಷ್ಟು ಸಲ ಹಿಂದೆ ಮುಂದೆ ನಡೆದೆನೆಂದರೆ, ಗಗನಸಖಿ ಬಂದು ಹುಷಾರಿಲ್ಲವೇ ಎಂದು ವಿಚಾರಿಸಿದಳು. ಹುಷಾರಾಗಿಯೇ ಇದ್ದೆ. ರಮೇಶನಿಗೆ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯುತ್ತಿರಲಿಲ್ಲ, ಅಷ್ಟೆ.

ಡಾಲಸ್‌ನಿಂದ ಮನೆಗೆ

ರಮೇಶನೇ ಕರೆದೊಯ್ಯಲು ಬಂದಿದ್ದ. ಕಾಲಿಗೆ ನಮಸ್ಕಾರ ಮಾಡಿದ. ಕೂದಲು ಬೆಳ್ಳಗಾಗಿದೆ, ಕಣ್ಣ ಕೆಳಗೆ ಕಪ್ಪು. “ಪದ್ದಕ್ಕ, ಇಳಿದುಹೋಗಿದೀಯಲ್ಲೇ” ಎಂದು ನನಗೇ ಹೇಳಿದ. ಕಾರಿನಲ್ಲಿ ಬೆವರು ಒರೆಸಲು ಟಿಶ್ಯೂ ಕೇಳಿದೆ. “ಮುಂದಿನ ಡ್ರಾಯಲ್ಲಿದೆ ನೋಡು” ಎಂದ. ತೆಗೆದೆ. ಟಿಶ್ಯೂ ಪೊಟ್ಟಣದ ಮೇಲೆಯೇ ಕಪ್ಪಗೆ ಮಲಗಿತ್ತು ಆ ಪಿಸ್ತೂಲು.

ಡ್ರಾ ಪಟ್ಟನೆ ಮುಚ್ಚಿಬಿಟ್ಟೆ. ಬೆವರನ್ನು ಸೆರಗಲ್ಲೇ ಒರೆಸಿಕೊಂಡೆ.

“ಏನೂ ಆಗಲ್ಲ ಪದ್ದಕ್ಕ. ಇಲ್ಲಿ ಎಲ್ಲರ ಹತ್ರಾನೂ ಇರತ್ತೆ.”

“ಲೈಸೆನ್ಸ್ ಎಲ್ಲೋ?”

“ಈ ರಾಜ್ಯದಲ್ಲಿ ಅದೆಲ್ಲ ಬೇಡ.”

ಬೇಡ! ಡ್ರೈವಿಂಗ್‌ಗೆ ಬೇಕು, ಮೀನು ಹಿಡಿಯಲೂ ಚೀಟಿ ಬೇಕಂತೆ, ಇದಕ್ಕೆ ಬೇಡ. ಅಂಗಡಿಯಲ್ಲಿ ಒಂದು ಫಾರಂ ತುಂಬಿ, ಕಂಪ್ಯೂಟರ್ ಹೂಂ ಎಂದರೆ ಮುಗಿಯಿತು. ಹೊಡೆಯುವುದನ್ನು ಕಲಿತಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಮಂಜುಳಾಳ ಆಸ್ಪತ್ರೆ ತೋರಿಸಿದ. ಬಾಗಿಲ ಗಾಜಿನ ಮೇಲೆ ಪಿಸ್ತೂಲಿನ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದರು. ನಮ್ಮ ಕಡೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದಿರುತ್ತಾರಲ್ಲ, ಹಾಗೆ. ಅಂದರೆ ಬರೆಯದ ಕಡೆಗಳಲ್ಲಿ ಒಳಗೇ ಒಯ್ಯುತ್ತಾರೆ ಎಂದಾಯಿತು.

ಮನೆ ದೊಡ್ಡದು, ಚೆಂದದ್ದು. ಆದರೆ ನನಗೆ ಅಲ್ಲಿ ನೆಮ್ಮದಿ ಎಂಬುದಿರಲಿಲ್ಲ. ಸೋಫಾ ಮೇಲೆ ಕೂರುವ ಮುಂಚೆ ದಿಂಬು ಎತ್ತಿ ನೋಡುತ್ತಿದ್ದೆ. ಚಮಚಕ್ಕೆಂದು ಡ್ರಾ ಎಳೆಯಲೂ ಹೆದರಿಕೆ. ಮಧ್ಯಾಹ್ನ ರಮೇಶ ಅಂಗಡಿಗೆ ಹೊರಟರೆ ಅದು ಅವನ ಸೊಂಟದಲ್ಲಿದೆಯೋ, ಮನೆಯಲ್ಲೇ ಇದೆಯೋ ಎಂದು ತಲೆಯಲ್ಲಿ ಹುಳ ಬಿಟ್ಟ ಹಾಗೆ. ಮಂಜುಳಾ ಪಾಳಿ ಮುಗಿಸಿ ಮಲಗಿರುತ್ತಿದ್ದಳು; ನಾನು ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಬೆಳಗಾಗುತ್ತಲೇ ಹೊರಗೆ ಕಾರಿನ ಸದ್ದು, ಹಿಂದೆಯೇ ಒಳಗೆ ರಮೇಶನ ಫೋನ್ ರಿಂಗಣ. “ಹಾಂ, ಬಾ” ಎಂದು ಅವನು ಅನುಮತಿ ಕೊಟ್ಟ ಮೇಲೆ ನನ್ನ ತಂಗಿ ತನ್ನ ಮನೆಯ ಬಾಗಿಲು ತೆಗೆಯುತ್ತಿದ್ದಳು. 

ಪಕ್ಕದ ಮನೆ

ಪಕ್ಕದ ಮನೆಯವನು ಡೇಲ್ ಎಂಬ ಮುದುಕ. ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಸದಾ ಏನಾದರೂ ತಂದು ಕೊಡುವ ಜೀವ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಮಂಜುಳಾ ನಡುವೆ ನಿಂತು ಹೇಳುತ್ತಿದ್ದಳು. ಅವನ ಮನೆಯಲ್ಲಿ ಬೀರುವಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ಅದರ ತುಂಬ ಬಂದೂಕು. ತಾತನದ್ದು, ಅಪ್ಪನದ್ದು, ತನ್ನದು. ನಮ್ಮ ಕಡೆ ಹೆಂಗಸರು ರೇಷ್ಮೆ ಸೀರೆ ತೋರಿಸುವ ಹಾಗೆ ಒಂದೊಂದನ್ನೇ ತೆಗೆದು ತೋರಿಸಿದ.

“ನಮ್ಮಪ್ಪಂದೂ ಒಂದಿತ್ತು” ಎಂದೆ. ಅವನ ಮುಖ ಅರಳಿತು.

ಕತ್ರಿಗುಪ್ಪೆಯಲ್ಲಿ ನಮಗೆ ಹೊಲವಿದ್ದ ಕಾಲಕ್ಕೆ ತುರಹಳ್ಳಿ ಕಾಡಿನ ಕಡೆಯಿಂದ ಹಂದಿ ಬಂದು ಕಡಲೆಕಾಯಿ ಅಗೆದು ಹಾಕುತ್ತಿದ್ದವು. ಅದಕ್ಕೆಂದು ಅಪ್ಪನಿಗೆ ಒಂಟಿ ನಳಿಗೆಯ ಕೋವಿಗೆ ಲೈಸೆನ್ಸ್ ಸಿಕ್ಕಿತ್ತು. ಅಪ್ಪ ಕಾವಲಿಗೆ ಹೋದಾಗ ಬ್ಯಾಟರಿ ಹಿಡಿದು ಹಿಂದೆ ಹೋಗುತ್ತಿದ್ದವನು ಇದೇ ರಮೇಶ. ಆಮೇಲೆ ಹೊಲವೆಲ್ಲ ಸೈಟಾಯಿತು. ಲೈಸೆನ್ಸ್ ರಿನ್ಯೂ ಮಾಡಿಸಲು ಹೋದಾಗ ಸಾಹೇಬರು “ಯಾವ ಬೆಳೆ ಕಾಯ್ತೀರಿ ಯಜಮಾನ್ರೇ?” ಎಂದು ಕೇಳಿದರೆ ಅಪ್ಪ ಮುಖ ಗಂಟಿಕ್ಕಿಕೊಂಡು “ಬಾಡಿಗೆ ಮನೆ” ಎಂದಿದ್ದ. ಎಲೆಕ್ಷನ್ ಬಂತೆಂದರೆ ಠಾಣೆಯಿಂದ ಹೇಳಿ ಕಳಿಸುತ್ತಿದ್ದರು. ಅಪ್ಪ ಕೋವಿಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ನಡೆದುಕೊಂಡೇ ಹೋಗಿ ಒಪ್ಪಿಸಿ ಬರುತ್ತಿದ್ದ. ಅಲ್ಲಿ ಅವನಿಗೆ ಕುರ್ಚಿ ಹಾಕಿ ಕಾಫಿ ಕೊಡುತ್ತಿದ್ದರೆಂಬುದು ಅವನ ದೊಡ್ಡ ಹೆಮ್ಮೆ.

ಇದನ್ನೆಲ್ಲ ಹೇಳಿದರೆ ಡೇಲ್ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ.

“ನಿಮ್ಮಪ್ಪ ಎಲೆಕ್ಷನ್‌ನಲ್ಲಿ ಗಲಾಟೆ ಮಾಡಿದ್ದರಾ?”

“ಇಲ್ಲಪ್ಪ. ವೋಟು ಹಾಕೋ ಸಾಲಲ್ಲೂ ಬೇರೆಯವರಿಗೆ ಜಾಗ ಬಿಡೋ ಮನುಷ್ಯ.”

“ಮತ್ತೆ ಯಾಕೆ ಕೊಟ್ಟರು?”

“ಸರ್ಕಾರ ಕೇಳ್ತು, ಕೊಟ್ರು.”

“ಸರ್ಕಾರ ಕೇಳಿದಾಗಲೇ ಕೊಡಬಾರದು” ಎಂದ, ಬಹಳ ಮೃದುವಾಗಿ, ಮಕ್ಕಳಿಗೆ ಹೇಳುವ ಹಾಗೆ.

ನನಗೆ ನಗು ಬಂತು, ಸಿಟ್ಟೂ ಬಂತು. ನಮ್ಮ ಮನೆಯಲ್ಲಿದ್ದ ಕೋವಿ ಸರ್ಕಾರದ್ದೇ, ನಾವು ನೋಡಿಕೊಳ್ಳುತ್ತಿದ್ದೇವೆ ಅಷ್ಟೆ ಎಂಬುದು ಅಪ್ಪನ ಭಾವನೆ. ಇವನಿಗೆ ಬಂದೂಕು ತನ್ನದು. ಸರ್ಕಾರದ ಮೇಲೆಯೇ ತಾನು ಒಂದು ಕಣ್ಣಿಟ್ಟಿರಬೇಕು ಎಂಬುದು ಅವನ ನಂಬಿಕೆ. ಒಬ್ಬರಿಗೊಬ್ಬರು ಹುಚ್ಚರಂತೆ ಕಂಡೆವು. ಕೊನೆಗೆ ಅವನು ಕೇಳಿದ, “ನಿಮ್ಮ ಮನೆಗೆ ಕಳ್ಳ ಬಂದರೆ ಏನು ಮಾಡ್ತೀರಿ?”

“ಕಿರುಚ್ತೀವಿ” ಎಂದೆ.

ನಿಜವೇ ಅಲ್ಲವೇ? ಕತ್ರಿಗುಪ್ಪೆಯಲ್ಲಿ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳು. ಕುಕ್ಕರ್ ಸಿಡಿದರೂ ಎದುರು ಮನೆಯ ಆಂಟಿ ಚಪ್ಪಲಿ ಹಾಕದೆ ಓಡಿ ಬರುತ್ತಾರೆ. ಡೇಲ್ ತನ್ನ ಹುಲ್ಲುಹಾಸಿನ ಕಡೆ ನೋಡಿದ. ನಾನೂ ನೋಡಿದೆ. ಮನೆಯಿಂದ ಮನೆಗೆ ಎಷ್ಟು ದೂರ! ಇಲ್ಲಿ ಕಿರುಚಿದರೆ ಅವನ ನಾಯಿಗೆ ಮಾತ್ರ ಕೇಳೀತು. ರಮೇಶನ ಭಯ ನನಗೆ ಮೊದಲ ಸಲ ಸ್ವಲ್ಪ ಅರ್ಥವಾಯಿತು. ಅರ್ಥವಾದದ್ದರಿಂದ ಕಷ್ಟವೇ ಜಾಸ್ತಿಯಾಯಿತು. ಬಯ್ಯಬೇಕೆಂದು ಬಂದವಳಿಗೆ ಬಾಯಿ ಕಟ್ಟಿದ ಹಾಗೆ.

ಬಂದೂಕಿನಂಗಡಿ

ಆದರೂ ಬಿಡಲಿಲ್ಲ. ರಮೇಶ ಒಂದು ಭಾನುವಾರ ಗುಂಡು ತರಲು ಹೊರಟಾಗ ನಾನೂ ಹತ್ತಿ ಕೂತೆ. ಗುಂಡಿನ ಡಬ್ಬಗಳು ಮೀನಿನ ಗಾಳ, ಕಾಲುಚೀಲ, ಮಕ್ಕಳ ಸೈಕಲ್ಲುಗಳ ಜೊತೆಯಲ್ಲೇ ಇದ್ದವು. ಕೌಂಟರಿನ ಹಿಂದಿನ ಗಡ್ಡದವನು ನಗುನಗುತ್ತಾ ಒಂದು ಗುಲಾಬಿ ಬಣ್ಣದ ಪಿಸ್ತೂಲು ತೆಗೆದು ನನ್ನ ಮುಂದೆ ಚಾಚಿದ, ಹಿಡಿದು ನೋಡಿ ಎಂದ. ನಾನು ಪ್ರವಾಸಕ್ಕೆ ಬಂದವಳು ಎಂದು ರಮೇಶ ಹೇಳಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡ. ಟೂರಿಸ್ಟ್ ವೀಸಾದವರು ಮುಟ್ಟುವಂತಿಲ್ಲ, ಕಾನೂನು! ಆ ಇಡೀ ಅಂಗಡಿಯಲ್ಲಿ ಕಾನೂನಿಗೆ ಅನುಮಾನ ಬಂದದ್ದು ಕತ್ತರಿ ಕಳೆದುಕೊಂಡ ನನ್ನೊಬ್ಬಳ ಮೇಲೆ.

ವಾಪಸು ಬರುವಾಗ ಕಾರಿನಲ್ಲೇ ಮಾತು ತೆಗೆದೆ.

“ರಮೇಶ, ಇದನ್ನ ಕೊಟ್ಬಿಡೋ. ಮಂಜು ಸಾಯ್ತಿದಾಳೆ ಹೆದರಿಕೇಲಿ.”

“ಅವತ್ತು ಖಾಲಿ ಇತ್ತು ಅಂತ ಎಷ್ಟ್ ಸಲ ಹೇಳ್ಲಿ ಪದ್ದಕ್ಕ? ಮಲಗೋ ಮುಂಚೆ ಮ್ಯಾಗಜೀನ್ ತೆಗೆದು ಬೇರೆ ಇಡ್ತೀನಿ. ಮಾವ ತೋಟಾ ತೆಗೆದು ಜೇಬಿಗೆ ಹಾಕ್ಕೊಳ್ತಿರ್ಲಿಲ್ವಾ, ಹಂಗೇ. ನಂಗೇನು ಕೋವಿ ಹೊಸದಾ?”

“ಮತ್ತೆ ಖಾಲಿ ಪಿಸ್ತೂಲು ಯಾಕೆ ಬೇಕು?”

ರಮೇಶ ಸ್ಟೀರಿಂಗಿನಿಂದ ಒಂದು ಕೈ ತೆಗೆದ. ಎಡಗಿವಿ ಮುಟ್ಟಿಕೊಂಡು ಹೇಳಿದ, “ಇಲ್ಲಿ ಇನ್ನೂ ತಣ್ಣಗಿದೆ ಕಣೆ. ಅದು ಒತ್ತಿದ್ ಜಾಗ. ಕೈಲಿ ಏನಾದ್ರೂ ಇದ್ರೆ ಮಾತ್ರ ನಿದ್ದೆ ಬರತ್ತೆ.”

ನಾನು ಮನೆ ಬರುವ ತನಕ ಸೆರಗಿನ ತುದಿ ತಿರುಚುತ್ತ ಕೂತಿದ್ದೆ.

ಆಯುಧಪೂಜೆ

ಮಾತಿನಲ್ಲಿ ಸೋತ ಮೇಲೆ ನನಗೆ ಹೊಳೆದದ್ದು ಹಬ್ಬ. ಆಯುಧಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ಕದಲಿಸುವವರೆಗೆ ಮುಟ್ಟುವ ಹಾಗಿಲ್ಲ. ನಮ್ಮಂಗಡಿಯಲ್ಲಿ ಎಂಥ ಅವಸರದ ಬ್ಲೌಸಿದ್ದರೂ ಅವತ್ತು ಮಿಷಿನ್ ತಿರುಗುವುದಿಲ್ಲ. ಅಪ್ಪನ ಕೋವಿಯೂ ಹೂ ಮುಡಿದು ಗೋಡೆಗೆ ಒರಗಿರುತ್ತಿತ್ತು. ರಮೇಶ ಎಲ್ಲ ಬಿಟ್ಟರೂ ಇದನ್ನು ಬಿಟ್ಟವನಲ್ಲ. ಒಂದು ರಾತ್ರಿ ಪಿಸ್ತೂಲಿಲ್ಲದೆ ಮಲಗಲಿ, ಬೆಳಗಾದರೆ ತಾನು ಬದುಕಿರುವುದು ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ. ಕೇಳಿದೆ. “ಇಡಣ ಬಿಡು, ಅದ್ಕೇನಂತೆ” ಎಂದ.

ಹಬ್ಬದ ದಿನ ಸಂಜೆ ಮಣೆಯ ಮೇಲೆ ಮಂಜುಳಾಳ ಸ್ಟೆತೊಸ್ಕೋಪು, ಈಳಿಗೆಮಣೆ, ಕಾರಿನ ಕೀ, ಅಂಗಡಿಯಿಂದ ತಂದ ಬಿಲ್ಲಿನ ಮಿಷಿನ್ನು ಎಲ್ಲ ಜೋಡಿಸಿದೆ. ಪಕ್ಕದಲ್ಲಿ ತಟ್ಟೆ ತುಂಬ ಕಡ್ಲೆಪುರಿ. ಮಂಜುಳಾ ಕೆಲಸಕ್ಕೆ ಹೊರಡುವ ಬಟ್ಟೆಯಲ್ಲೇ ಚೆಂಡುಹೂ ಹಿಡಿದು ನಿಂತಿದ್ದಳು. ರಮೇಶ ಪಿಸ್ತೂಲು ತಂದ.

“ತೆರೆದು ತೋರ್ಸು” ಎಂದೆ. ಅಪ್ಪ ಪೂಜೆಗೆ ಇಡುವ ಮುಂಚೆ ಕೋವಿಯನ್ನು ನಡುವೆ ಮಡಿಚಿ, ದೀಪದ ಕಡೆ ಎತ್ತಿ, ನಳಿಗೆಯ ತೂತಿನಿಂದ ಬೆಳಕು ಕಾಣುವುದನ್ನು ಮನೆಯ ಪ್ರತಿಯೊಬ್ಬರಿಗೂ ತೋರಿಸುತ್ತಿದ್ದ. ನಾವು ಮಕ್ಕಳು ಒಂದು ಕಣ್ಣು ಮುಚ್ಚಿ ನೋಡಲು ಜಗಳವಾಡುತ್ತಿದ್ದೆವು.

ರಮೇಶ ನಕ್ಕ. ಹಿಡಿಯ ಕೆಳಗಿಂದ ಮ್ಯಾಗಜೀನ್ ಎಳೆದು ಮೇಜಿನ ಮೇಲಿಟ್ಟ. “ನೋಡು, ಖಾಲಿ.”

“ಬೆಳಕೆಲ್ಲಿ ಕಾಣ್ತು? ನಂಗೆ ಬೆಳಕು ಕಾಣ್ಬೇಕು.”

“ಇದ್ರಲ್ಲಿ ಹಂಗೆಲ್ಲ ಕಾಣಲ್ಲ ಪದ್ದಕ್ಕ, ಇದು ಮಾವನ ಕೋವಿ ಅಲ್ಲ.”

“ಕಾಣ್ದೇ ಇದ್ರೆ ನಾನು ಕುಂಕುಮ ಇಡಲ್ಲ.”

ಆಯ್ತು ಮಾರಾಯ್ತಿ ಎನ್ನುತ್ತ, ನಗು ಇನ್ನೂ ಮುಖದಲ್ಲಿ ಇರುವಾಗಲೇ, ಪಿಸ್ತೂಲಿನ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದ. ಒಳಗಿನಿಂದ ಹಿತ್ತಾಳೆ ಬಣ್ಣದ್ದೊಂದು ಚಿಮ್ಮಿ ಕಡ್ಲೆಪುರಿ ತಟ್ಟೆಗೆ ಬಿತ್ತು.

ಗುಂಡು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಮ್ಯಾಗಜೀನ್ ತೆಗೆದ ಮೇಲೆ ಇದು ಎಲ್ಲಿಂದ ಬಂತು ಎಂದು ಮಂಕಾಗಿ ನೋಡುತ್ತಿದ್ದೆ. ರಮೇಶನಿಗೆ ಅರ್ಥವಾಗಿತ್ತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಪ್ಪನ ಕೋವಿಯಲ್ಲಿ ಇರುತ್ತಿದ್ದುದೇ ಒಂದು ತೋಟಾ. ಅದನ್ನು ತೆಗೆದರೆ ಖಾಲಿ, ಮುಗಿಯಿತು. ಇದರಲ್ಲಿ ಮ್ಯಾಗಜೀನ್ ತೆಗೆದರೂ ನಳಿಗೆಯೊಳಗೆ ಒಂದು ಉಳಿದಿರಬಹುದು. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ; ಕಲಿತು ಬಾ ಎಂದು ಯಾವ ಕಾನೂನೂ ಹೇಳಿರಲಿಲ್ಲ. ನಮ್ಮ ಹೊಲದಲ್ಲಿ ಕಲಿತದ್ದೇ ಸಾಕು ಎಂದುಕೊಂಡಿದ್ದ.

ಮಂಜುಳಾ ಕೈಯಲ್ಲಿದ್ದ ಹೂವನ್ನು ನಿಧಾನವಾಗಿ ಕೆಳಗಿಟ್ಟಳು.

“ರೀ, ಅವತ್ತೂ ಹಿಂಗೇ ಖಾಲಿ ಮಾಡಿದ್ರಾ?”

ರಮೇಶ ಪಿಸ್ತೂಲನ್ನು ಮಣೆಯ ಮೇಲೆ ಇಟ್ಟ. ಇಡುವಾಗ ಅದು ಈಳಿಗೆಗೆ ತಾಗಿ ಸದ್ದಾಯಿತು. ಹಾಗೇ ನೆಲದ ಮೇಲೆ ಕೂತುಬಿಟ್ಟ. “ಬೆರಳು ಅದ್ರ ಮೇಲೇ ಇತ್ತು ಪದ್ದಕ್ಕ” ಎಂದ. “ಖಾಲಿ ಅಂದ್ಕೊಂಡು... ಬೆರಳು ಟ್ರಿಗರ್ ಮೇಲೇ ಇತ್ತು.”

ಮಂಗಳಾರತಿ ಯಾರು ಎತ್ತಿದರೋ ನೆನಪಿಲ್ಲ. ನಾನೇ ಇರಬೇಕು. ಮಂಜುಳಾ ಪ್ರಸಾದ ತೆಗೆದುಕೊಳ್ಳದೆ ಕೆಲಸಕ್ಕೆ ಹೋದಳು.

ವಿಜಯದಶಮಿ

ಬೆಳಗಿನ ಜಾವಕ್ಕೇ ಎದ್ದು ಹೊರಗೆ ಬಂದರೆ ರಮೇಶ ಹಾಲ್‌ನಲ್ಲಿ ಕೂತಿದ್ದ. ಮಲಗಿದ ಹಾಗೆ ಕಾಣಲಿಲ್ಲ. ಮಣೆಯ ಮೇಲೆ ಎಲ್ಲ ಇಟ್ಟ ಹಾಗೇ ಇತ್ತು. ಕಾಫಿ ಕೊಟ್ಟೆ, ಕುಡಿಯಲಿಲ್ಲ. ಅವನು ಒಳ್ಳೆಯವನು, ನನಗೆ ಗೊತ್ತು. ನನಗೆ ಅವನ ಮೇಲೆ ಕರುಣೆಯೂ ಉಕ್ಕುತ್ತಿತ್ತು, ಎರಡು ಬಾರಿಸೋಣ ಎಂದೂ ಅನ್ನಿಸುತ್ತಿತ್ತು. ಎರಡೂ ಮಾಡದೆ ಅಡುಗೆಮನೆಗೂ ಹಾಲ್‌ಗೂ ತಿರುಗುತ್ತಿದ್ದೆ. ಮಂಜುಳಾ ಮನೆಗೆ ಬರುತ್ತಾಳೋ ಇಲ್ಲವೋ ಎಂಬ ಅನುಮಾನ ಇಬ್ಬರಿಗೂ ಇತ್ತು.

ಕಾರಿನ ಸದ್ದು ಕೇಳಿಸಿತು. ಅವನ ಕೈಯಲ್ಲಿದ್ದ ಫೋನ್ ರಿಂಗಾಯಿತು. ಎತ್ತಲಿಲ್ಲ. ಫೋನನ್ನು ಸೋಫಾ ಮೇಲೆ ಹಾಕಿ, ಹಿತ್ತಿಲ ಬಾಗಿಲು ತೆಗೆದು, ಬರಿಗಾಲಲ್ಲಿ ಮೆಟ್ಟಿಲಿಳಿದು ಕಾರಿನ ಮುಂದೆ ಹೋಗಿ ನಿಂತ. ಎರಡು ಕೈಯನ್ನೂ ಅವಳಿಗೆ ಕಾಣುವ ಹಾಗೆ ಹಿಡಿದಿದ್ದ. ಮಂಜುಳಾ ಬಹಳ ಹೊತ್ತು ಕಾರಿನಿಂದ ಇಳಿಯಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಇಳಿಯೇ ತಾಯಿ, ಇಳಿಯೇ ಎಂದು ಗೊಣಗುತ್ತಿದ್ದೆ. ಕೊನೆಗೆ ಇಳಿದಳು. ಅವರು ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ.

ಪೂಜೆ ಕದಲಿಸಿದ ಮೇಲೆ ಅವನು ಪಿಸ್ತೂಲನ್ನು ಡೇಲ್‌ಗೆ ತೋರಿಸಿ ಖಾಲಿ ಎಂದು ಖಾತ್ರಿ ಮಾಡಿಕೊಂಡು ಅದೇ ಬಂದೂಕಿನಂಗಡಿಗೆ ಕೊಟ್ಟುಬಿಡಲು ಹೊರಟ. ನಾನೂ ಹೋದೆ. ಅಪ್ಪ ತೀರಿಕೊಂಡ ಮೇಲೆ ಕೋವಿ ಒಪ್ಪಿಸಲು ನಾನು ಠಾಣೆಗೂ ಕಮಿಷನರ್ ಆಫೀಸಿಗೂ ಅಲೆದದ್ದು ನೆನಪಿತ್ತು. ಇಡೀ ದಿನ ಹಿಡಿಯಬಹುದೆಂದು ಪುಳಿಯೋಗರೆ ಕಟ್ಟಿಕೊಂಡಿದ್ದೆ. ಗಡ್ಡದವನು ಗುರುತಿನ ಚೀಟಿ ನೋಡಿ, ಒಂದು ಸಹಿ ಹಾಕಿಸಿಕೊಂಡು, ಪಿಸ್ತೂಲನ್ನು ಒಳಗಿಟ್ಟ. ಮುಗಿಯಿತು. ಪುಳಿಯೋಗರೆ ಡಬ್ಬದ ಮುಚ್ಚಳವನ್ನೂ ತೆಗೆಯಲಿಲ್ಲ.

“ಮತ್ತೆ ಬೇಕೆನಿಸಿದರೆ ಬನ್ನಿ” ಎಂದ ಅವನು, ಸಂತೋಷದಿಂದಲೇ.

ಅಪ್ಪನ ಕೋವಿ ಒಪ್ಪಿಸುವ ದಿನ ನಮ್ಮ ಠಾಣೆಯವರು ಹೇಳಿದ್ದು ಬೇರೆ. “ಯೋಚ್ನೆ ಮಾಡಿ ಮೇಡಂ, ಒಂದ್ಸಲ ಕೊಟ್ರೆ ಮತ್ತೆ ಸಿಗಲ್ಲ.” ಆಗ ಆ ಮಾತಿಗೆ ರೇಗಿತ್ತು. ಟೆಕ್ಸಸ್‌ನ ಆ ಅಂಗಡಿಯ ಮುಂದೆ ನಿಂತಾಗ ಆ ಠಾಣೆಯವರನ್ನು ಕರೆದು ಕಾಫಿ ಕುಡಿಸಬೇಕೆನ್ನಿಸಿತು. ಅಲ್ಲಿ ರಮೇಶನಿಗೂ ಇನ್ನೊಂದು ಪಿಸ್ತೂಲಿಗೂ ನಡುವೆ ಕಾನೂನು ಬರುವುದಿಲ್ಲ, ಪೊಲೀಸರು ಬರುವುದಿಲ್ಲ. ಬರಬೇಕಾದದ್ದು ಅವನೊಬ್ಬನೇ. ಕಿವಿಯ ಹತ್ತಿರ ಇನ್ನೂ ತಣ್ಣಗಿರುವ ಮನುಷ್ಯ.

ಮತ್ತೆ ಕತ್ರಿಗುಪ್ಪೆ

ಬಂದು ತಿಂಗಳುಗಳೇ ಆದವು. ಕೈತುಂಬ ಕೆಲಸವಿದೆ, ಆದರೂ ಮನಸ್ಸು ಇಲ್ಲಿ ನಿಲ್ಲುವುದಿಲ್ಲ. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಸಂಜೆ. ಮಿಷಿನ್ ನಿಲ್ಲಿಸಿ, ಗಿರಾಕಿಗಳು ನಿಂತಿದ್ದರೂ ಸರಿ, ಮಂಜುಳಾಗೆ ಫೋನ್ ಮಾಡುತ್ತೇನೆ. ಊಟ ಆಯ್ತಾ, ಚಳಿ ಹೇಗಿದೆ ಎಂದೆಲ್ಲ ಕೇಳುವ ವ್ಯವಧಾನ ನನಗಿಲ್ಲ. ಕೇಳುವುದು ಒಂದೇ.

“ಇವತ್ತು ಫೋನ್ ಮಾಡಿ ಒಳಗ್ ಹೋದ್ಯಾ, ಹಂಗೇ ಹೋದ್ಯಾ?”

“ಹಂಗೇ ಹೋದೆ ಕಣಕ್ಕ” ಎನ್ನುತ್ತಾಳೆ.

ನಿನ್ನೆಯೂ ಹಾಗೇ ಅಂದಳು. ಸರಿ ಎಂದು ಫೋನ್ ಇಡಲು ಹೋದೆ. ಆ ಕಡೆಯಿಂದ ಇನ್ನೂ ಉಸಿರು ಕೇಳಿಸುತ್ತಿತ್ತು.

“ಬಾಗ್ಲ ಹತ್ರ ನಿಂತು ಒಂದ್ಸಲ ಜೋರಾಗಿ ಕೆಮ್ತೀನಿ, ಅಷ್ಟೆ” ಎಂದಳು.